ದುರ್ಯೋಧನನ ಪಾರ್ಟು ಯಾರಿಗೆ?

ಮಂಡ್ಯ ಕಡೆಯ ಊರಲ್ಲಿ ಕುರುಕ್ಷೇತ್ರ ನಾಟಕ ಆಡೋಣ ಅಂತ ತೀರ್ಮಾನವಾಯಿತು ಅನ್ನಿ. ಮೊದಲನೇ ಯುದ್ಧ ಅಂದೇ, ರಾಮಮಂದಿರದ ಜಗುಲಿ ಮೇಲೇ ಆಗಿಹೋಗುತ್ತದೆ. ದುರ್ಯೋಧನನ ಪಾರ್ಟು ಯಾರಿಗೆ?

ಪಾರ್ಟು ಸುಮ್ನೆ ಸಿಗುವುದಿಲ್ಲ. ದುಡ್ಡು ಕೊಟ್ಟು ಹಿಡಿಯಬೇಕು. ದುರ್ಯೋಧನ, ಕೃಷ್ಣ, ಭೀಮ, ಕರ್ಣ, ಶಕುನಿಗೆ ಜಾಸ್ತಿ ರೇಟು. ನಕುಲ ಸಹದೇವರಿಗೆ ಕಮ್ಮಿ. ದೊಡ್ಡ ಪಾತ್ರವಾದರೆ ಹತ್ತಾರು ಸಾವಿರ ಎಣಿಸಬೇಕಾಗುತ್ತದೆ. ಆ ದುಡ್ಡಿನಲ್ಲೇ ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸು, ಮೈಕು, ಲೈಟು, ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ ಎಲ್ಲ ಹೊರಡಬೇಕು. ಬೇರೆ ಕಡೆ ನಟರಿಗೆ ಕಾಸು ಕೊಟ್ಟು ಕರೆಸುತ್ತಾರೆ. ನಮ್ಮ ಕಡೆ ನಟನೇ ಕಾಸು ಕೊಟ್ಟು ನಟಿಸುತ್ತಾನೆ.

ನನ್ನ ಸೋದರಮಾವ ಒಬ್ಬರು ಹಸು ಮಾರಿ ದುರ್ಯೋಧನ ಆದರು. ಅತ್ತೆ ಮೂರು ದಿನ ಮಾತು ಬಿಟ್ಟಿದ್ದರು. ನಾಟಕದ ರಾತ್ರಿ ಮೊದಲನೇ ಸಾಲಲ್ಲಿ ಚಾಪೆ ಹಾಸಿಕೊಂಡು ಕೂತವರೂ ಅವರೇ. 'ಯಾಕೆ ಮಾವ, ಧರ್ಮರಾಯ ಆಗಬಾರದಿತ್ತಾ' ಅಂತ ನಾನು ಕೇಳಿದ್ದೆ. 'ಧರ್ಮರಾಯಂಗೆ ಏನೈತಪ್ಪ ಕೆಲ್ಸ? ನಿಂತ್ಕಂಡು ತಲೆ ಆಡ್ಸದು. ದುರ್ಯೋಧನ ಅಂದ್ರೆ ಗಂಟ್ಲಿರ್ಬೇಕು, ಎದೆ ಇರ್ಬೇಕು, ಜೇಬೂ ಇರ್ಬೇಕು' ಅಂದರು.

ದುರ್ಯೋಧನನ ಮೇಲಿನ ಈ ಪ್ರೀತಿ ಕನ್ನಡದಲ್ಲಿ ತೀರ ಹಳೆಯದು. 941ರ ಹೊತ್ತಿಗೆ ಭಾರತದ ಕತೆ ಬರೆದ ಪಂಪ, ಸೋತವರ ಕಡೆಯ ಕರ್ಣನನ್ನು ಮನಸಾರೆ ಹೊಗಳಿದ. ಅವನಾದ ಮೇಲೆ ಬಂದ ರನ್ನ ಭೀಮನನ್ನು ನಾಯಕ ಮಾಡಿದರೂ ಓದುಗರ ಎದೆಯಲ್ಲಿ ಉಳಿದವನು ದುರ್ಯೋಧನ. ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ಒಬ್ಬನೇ ನಡೆಯುವ ದೊರೆಯನ್ನು ಕಂಡರೆ ಅಯ್ಯೋ ಅನಿಸುತ್ತದೆ, ತಲೆಯೂ ಬಾಗುತ್ತದೆ. ಮಾವ ಪಂಪನನ್ನೂ ಓದಿಲ್ಲ, ರನ್ನನನ್ನೂ ಓದಿಲ್ಲ. ಅವರ ಅಜ್ಜ ಮಾತ್ರ ಕುಮಾರವ್ಯಾಸನ ಪದ್ಯಗಳನ್ನು ರಾಗವಾಗಿ ಓದಿಸಿ ಅರ್ಥ ಹೇಳಿಸುತ್ತಿದ್ದರಂತೆ, ಕಣದಲ್ಲಿ, ರಾಗಿ ತೆನೆ ಬಡಿದು ಮುಗಿದ ಮೇಲೆ.

ಕತೆ ಇಲ್ಲಿ ನೆಲಕ್ಕೇ ಅಂಟಿಕೊಂಡಿದೆ. ಪಾಂಡವಪುರದ ಕುಂತಿಬೆಟ್ಟದಲ್ಲಿ ಪಾಂಡವರು ವನವಾಸ ಕಳೆದರು, ಭೀಮ ಬಕಾಸುರನನ್ನು ಕೊಂದ ಅಂತ ಜನ ಹೇಳುತ್ತಾರೆ. ಮೇಲುಕೋಟೆಯ ಧನುಷ್ಕೋಟಿಯಲ್ಲಿ ರಾಮ ಬಾಣ ಬಿಟ್ಟು ನೀರು ಬರಿಸಿದನಂತೆ. ಪಾಂಡವಪುರದ ಹಳೇ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಅಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು. ಕೊನೆಗೆ ಗೆದ್ದವರು ಪಾಂಡವರು. ಇತಿಹಾಸ ಕೊಟ್ಟ ಹೆಸರು ಅಳಿಸಿ ಪುರಾಣದ ಹೆಸರು ಉಳಿದ ಊರು ಅದು.

ಆದರೆ ಈಗ ನಾವು ನೋಡುವ ಕುರುಕ್ಷೇತ್ರ ಅಷ್ಟು ಹಳೆಯದಲ್ಲ. ಅದಕ್ಕೂ ಮೊದಲು ಈ ಸೀಮೆಯಲ್ಲಿ ಇದ್ದದ್ದು ಮೂಡಲಪಾಯ. ಭಾಗವತರು, ಮದ್ದಳೆ, ಮುಖವೀಣೆ, ಬೆಳಗಿನವರೆಗೆ ಕುಣಿತ. ಪರದೆ ಇಲ್ಲ, ಸೀನು ಇಲ್ಲ. ಪಂಜಿನ ಬೆಳಕೇ ಗತಿ.

ಪರದೆ ಬಂದದ್ದು ಮೈಸೂರಿನ ದಾರಿಯಲ್ಲಿ. ಮರಾಠಿ ಮತ್ತು ಪಾರ್ಸಿ ನಾಟಕ ಕಂಪನಿಗಳು ಬಂದು ಆಡಿ ಹೋದ ಮೇಲೆ ನಮ್ಮಲ್ಲೂ ಇಂಥದ್ದು ಬೇಕು ಅನಿಸಿತು. 1881ರಲ್ಲಿ ಅಧಿಕಾರ ವಹಿಸಿಕೊಂಡ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. 1884ರಲ್ಲಿ ತುಮಕೂರು ಕಡೆಯ ಗುಬ್ಬಿಯಲ್ಲಿ ಕಂಪನಿಯೊಂದು ಶುರುವಾಯಿತು. ಮುಂದೆ ಅದನ್ನು ಬೆಳೆಸಿದವರು ವೀರಣ್ಣ. 1934ರಲ್ಲಿ ಬೆಂಗಳೂರಿನಲ್ಲಿ ಅವರು ಆಡಿದ ಕುರುಕ್ಷೇತ್ರದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಅದೇ ವರ್ಷ ಕನ್ನಡದ ಮೊದಲ ಮಾತಿನ ಚಿತ್ರವೂ ತೆರೆಗೆ ಬಂತು. ಅದೂ ಪುರಾಣದ ಕತೆಯೇ, ರಾಮಾಯಣದ ಇಂದ್ರಜಿತುವಿನ ಹೆಂಡತಿ ಸುಲೋಚನೆಯದು.

ಆನೆ ತಂದ ಕಂಪನಿಗೂ ಕೊನೆಗೆ ಸಿನಿಮಾದ ಮುಂದೆ ನಿಲ್ಲುವುದು ಕಷ್ಟವಾಯಿತು. ಟೆಂಟುಗಳು ಒಂದೊಂದಾಗಿ ಮಡಚಿದವು. ನಮ್ಮ ಹಳ್ಳಿಗಳಿಗೆ ಲಾಭವಾದದ್ದು ಆವಾಗಲೇ. ಕೆಲಸ ಕಳೆದುಕೊಂಡ ನಟರು, ಹಾರ್ಮೋನಿಯಂ ವಾದಕರು ಊರೂರಿಗೆ ಹೋಗಿ ನಾಟಕ ಕಲಿಸುವ ಮೇಷ್ಟ್ರಾದರು. ಪರದೆ, ಕಿರೀಟ, ಗದೆಗಳನ್ನು ಬಾಡಿಗೆಗೆ ಕೊಡುವ ಡ್ರಾಮಾ ಸೀನರಿ ಅಂಗಡಿಗಳು ಹುಟ್ಟಿಕೊಂಡವು. ಅರಮನೆಯ ಆಟ, ಕಂಪನಿಯ ಆಟ, ಊರಿನ ಆಟವಾಯಿತು.

ಹಾರ್ಮೋನಿಯಂ ಬಗ್ಗೆ ಒಂದು ಮಾತು. 1940ರಿಂದ ಸುಮಾರು ಮೂವತ್ತು ವರ್ಷ ದೇಶದ ರೇಡಿಯೋ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಮ್ಮ ಸಂಗೀತದ ಗಮಕಕ್ಕೆ ಅದು ಒಗ್ಗುವುದಿಲ್ಲ ಅನ್ನುವುದು ತಕರಾರು. ತಮಾಷೆ ಅಂದರೆ ಆಕಾಶವಾಣಿ ಅನ್ನುವ ಹೆಸರಿನ ಕೇಂದ್ರ ಮೊದಲು ಶುರುವಾದದ್ದೇ ಮೈಸೂರಿನಲ್ಲಿ, 1935ರಲ್ಲಿ, ಎಂ.ವಿ. ಗೋಪಾಲಸ್ವಾಮಿ ಅವರ ಮನೆಯಿಂದ. ರೇಡಿಯೋದಲ್ಲಿ ಹಾರ್ಮೋನಿಯಂ ಬಾಯಿ ಮುಚ್ಚಿದ್ದ ಕಾಲದಲ್ಲೂ ಮಂಡ್ಯದ ಹಳ್ಳಿಗಳಲ್ಲಿ ಅದೇ ರಾಜ. ಮೇಷ್ಟ್ರ ಬೆರಳು ಹಾರ್ಮೋನಿಯಂ ಮನೆಗಳ ಮೇಲೆ ಬೀಳದೆ ಕೃಷ್ಣನಿಗೂ ಬಾಯಿ ಬರುವುದಿಲ್ಲ.

ಮಂಡ್ಯದಲ್ಲೇ ಯಾಕೆ ಈ ಹುಚ್ಚು ಇಷ್ಟು ಜೋರು? ನನಗೆ ತೋಚುವುದು ನೀರು ಮತ್ತು ಕಬ್ಬು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭಕ್ಕೆ ಮುಗಿಯಿತು. ನಾಲೆಯಲ್ಲಿ ನೀರು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೂ ಆಯಿತು. ಮಳೆ ನಂಬಿಕೊಂಡಿದ್ದ ರೈತನ ಕೈಯಲ್ಲಿ ಕಬ್ಬಿನ ದುಡ್ಡು ಆಡತೊಡಗಿತು. ಸುಗ್ಗಿ ಮುಗಿದು ಉಳುಮೆ ಶುರುವಾಗುವ ನಡುವೆ ಬಿಡುವೂ ಇತ್ತು. ಕಾಸು, ಬಿಡುವು ಎರಡೂ ಇದ್ದವನಿಗೆ ಒಂದು ರಾತ್ರಿಯ ಮಟ್ಟಿಗೆ ದೊರೆಯಾಗಬೇಕು ಅನಿಸಿದರೆ ತಪ್ಪೇನು?

ಒಂದು ರಾತ್ರಿಗೆ ತಿಂಗಳುಗಟ್ಟಲೆ ತಯಾರಿ. ದಿನಾ ಊಟ ಆದ ಮೇಲೆ ಪ್ರಾಕ್ಟೀಸು. ಓದು ಬಾರದವರೂ ಕಂದ, ವೃತ್ತಗಳನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡುತ್ತಾರೆ. ಆಮೇಲೆ 'ಕುರುಕ್ಷೇತ್ರ ಅರ್ಥಾತ್ ಧರ್ಮರಾಜ್ಯ ಸ್ಥಾಪನೆ' ಅಂತ ಪಾಂಪ್ಲೆಟ್ ಅಚ್ಚಾಗುತ್ತದೆ. ಪಾತ್ರದ ಹೆಸರಿನ ಮುಂದೆ ಊರವರ ಹೆಸರು. ಬಸ್ ಸ್ಟ್ಯಾಂಡಿನಲ್ಲಿ ಕಿರೀಟ ಇಟ್ಟ ಮುಖಗಳ ಫ್ಲೆಕ್ಸು. ನಾಟಕ ನಡೆಯುವಾಗ ನೆಂಟರು ಸ್ಟೇಜಿಗೇ ಹತ್ತಿ ಬರುತ್ತಾರೆ. ಹಾರ ಹಾಕುತ್ತಾರೆ, ಮುಯ್ಯಿ ಅಂತ ಕಾಣಿಕೆ ಕೊಡುತ್ತಾರೆ. ಕೌರವನ ಆಸ್ಥಾನದಲ್ಲಿ ಸಂಧಾನ ಅರ್ಧಕ್ಕೆ ನಿಂತಿರುತ್ತದೆ, ಕೃಷ್ಣ ಪಕ್ಕದಲ್ಲಿ ಕಾಯುತ್ತಿರುತ್ತಾನೆ, ದುರ್ಯೋಧನ ತನ್ನ ಭಾವಮೈದುನನಿಂದ ಸೇಬಿನ ಹಾರ ಹಾಕಿಸಿಕೊಳ್ಳುತ್ತಿರುತ್ತಾನೆ. ಪಟ್ಟಣದವರು ಇದನ್ನು ಕಂಡು ನಗುತ್ತಾರೆ. ನಗಲಿ. ನಾಟಕ ಕೆಡುತ್ತದೆ, ನಿಜ. ಆದರೆ ಊರು ಆ ಕತೆಯೊಳಗೆ ಕಾಲಿಡುವುದು ಆ ಗಳಿಗೆಯಲ್ಲೇ.

ಎಲ್ಲರಿಗೂ ಕಾಲಿಡಲು ಬಿಟ್ಟರಾ? ಇಲ್ಲ. ಯಾವ ಕೇರಿಯವರಿಗೆ ಯಾವ ಪಾರ್ಟು ಅನ್ನುವುದು ಬರೀ ಗಂಟಲು ನೋಡಿ ಆಗುತ್ತಿರಲಿಲ್ಲ. ಹೆಣ್ಣು ಪಾತ್ರದ ಕತೆ ಇನ್ನೊಂದು. ಮೊದಲು ಗಂಡಸರೇ ಸೀರೆ ಉಟ್ಟರು. ಹೆಣ್ಣುಮಕ್ಕಳನ್ನು ರಂಗಕ್ಕೆ ತಂದ ಮೊದಲ ಕಂಪನಿಗಳಲ್ಲಿ ಗುಬ್ಬಿಯದೂ ಒಂದು. ಆಮೇಲೆ ಹಳ್ಳಿಗೂ ಕಲಾವಿದೆಯರು ಬಂದರು, ಆದರೆ ಹೊರಗಿನಿಂದ. ಊರಿನ ಹೆಣ್ಣುಮಗಳು ದ್ರೌಪದಿ ಆಗುವುದನ್ನು ಊರು ಒಪ್ಪುತ್ತಿರಲಿಲ್ಲ. ಈಗ ಹೆಂಗಸರೇ ಎಲ್ಲ ಪಾತ್ರ ಕಟ್ಟಿ ಕುರುಕ್ಷೇತ್ರ ಆಡುವುದೂ ಶುರುವಾಗಿದೆ. ಹೆಂಗಸು ಮೀಸೆ ಅಂಟಿಸಿಕೊಂಡು ಗದೆ ಬೀಸಿದಾಗ ಬೀಳುವ ಶಿಳ್ಳೆ ಬೇರೆಯೇ.

ಪಾತ್ರ ಸಿಗದವರು ತಮ್ಮದೇ ಪುರಾಣ ಕಟ್ಟಿಕೊಂಡರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಜನಪದರ ಸಂತ ಮಂಟೇಸ್ವಾಮಿಯ ನೆಲೆ. ಅವನ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ, ಅಂದರೆ ಕಬ್ಬಿಣದ ಕೆಲಸದವರ, ಬಳಿ ಕಬ್ಬಿಣ ಭಿಕ್ಷೆ ಕೇಳಿ ಹೋಗುವ ಕತೆಯನ್ನು ಅವನ ಪಂಥದ ಹಾಡುಗಾರರಾದ ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಇಲ್ಲಿ ಹಸ್ತಿನಾಪುರ ಇಲ್ಲ. ಹಲಗೂರೇ ಇದೆ, ಇವತ್ತೂ ಬಸ್ಸಿನಲ್ಲಿ ಹೋಗಿ ಇಳಿಯಬಹುದು.

ಮೈಸೂರಿನಲ್ಲಿ ಇದೇ ಪ್ರಶ್ನೆಯನ್ನು ಕುವೆಂಪು ಬರವಣಿಗೆಯಲ್ಲಿ ಎತ್ತಿದರು. 1944ರಲ್ಲಿ ಶಂಬೂಕನ ಕತೆಯನ್ನು ನಾಟಕ ಮಾಡಿದಾಗ ರಾಮನ ಬಾಣ ಶೂದ್ರ ತಪಸ್ವಿಯನ್ನು ಕೊಲ್ಲುವ ಬದಲು ದೂರು ತಂದ ಬ್ರಾಹ್ಮಣನ ಬೆನ್ನು ಹತ್ತಿತು. ಮಾಸ್ತಿ ಒಪ್ಪಲಿಲ್ಲ. ಹಳೇ ಕತೆಯನ್ನು ಹೀಗೆ ತಿರುಗಿಸಬಾರದು ಅನ್ನುವುದು ಅವರ ವಾದ. ಇಬ್ಬರೂ ದೊಡ್ಡವರು, ನನಗೆ ಕುವೆಂಪು ಕಡೆಗೇ ಮನಸ್ಸು. ತಿರುಗಿಸದೇ ಇದ್ದಿದ್ದರೆ ಪಂಪನ ಭಾರತವೂ ಇರುತ್ತಿರಲಿಲ್ಲ ಅಲ್ವಾ?

ಊರಿನ ಜಗುಲಿಯ ಜಗಳ ದೊಡ್ಡದಾದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ಚಾಮುಂಡಿ ಬೆಟ್ಟ ಹತ್ತಬೇಕು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಮಹಿಷಾಸುರನ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಅವನು ರಾಕ್ಷಸನಲ್ಲ, ಈ ನಾಡಿನ ದೊರೆ, ಬೌದ್ಧ ಅನ್ನುವವರು ದಸರೆಗೆ ಮುಂಚೆ ಮಹಿಷ ದಸರಾ ಆಚರಿಸತೊಡಗಿದರು. ಸಿಂಹಳದ ಹಳೇ ಚರಿತ್ರೆಗ್ರಂಥ ಮಹಾವಂಶದಲ್ಲಿ ಬರುವ ಮಹಿಷಮಂಡಲವನ್ನು ಅವರು ಸಾಕ್ಷಿಗೆ ತರುತ್ತಾರೆ. ಆ ಮಹಿಷಮಂಡಲ ಮೈಸೂರೇನಾ ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಇದು ದೇವಿಗೆ ಅವಮಾನ ಅನ್ನುವವರು ಎದುರು ನಿಂತರು. 2019ರಲ್ಲಿ ಬೆಟ್ಟದ ಮೇಲೆ ಆಚರಣೆಗೆ ಅವಕಾಶ ಸಿಗಲಿಲ್ಲ. 2023ರಲ್ಲಿ ನಿಷೇಧಾಜ್ಞೆಯ ನಡುವೆ ಕೆಳಗೆ ಪುರಭವನದಲ್ಲಿ ನಡೆಯಿತು.

ಆದರೆ ದಸರೆಯಲ್ಲೂ ಪಾರ್ಟು ಬದಲಾಗಿದೆ. 1969ರವರೆಗೆ ಚಿನ್ನದ ಅಂಬಾರಿಯಲ್ಲಿ ಕೂರುತ್ತಿದ್ದವರು ಮಹಾರಾಜರು. 1971ರಲ್ಲಿ ಸರ್ಕಾರ ರಾಜರಿಗೆ ಕೊಡುತ್ತಿದ್ದ ರಾಜಧನ ರದ್ದಾಯಿತು. ಆಮೇಲೆ 750 ಕೆಜಿಯ ಆ ಅಂಬಾರಿ ಚಾಮುಂಡೇಶ್ವರಿಯ ಪಾಲಾಯಿತು. ಈಗ ಮಕ್ಕಳನ್ನು ಕೇಳಿ, ಅನಾದಿಕಾಲದಿಂದ ಅಮ್ಮನವರೇ ಕೂತು ಬರುತ್ತಿದ್ದಾರೆ ಅಂದುಕೊಂಡಿದ್ದಾರೆ. ಹಳ್ಳಿಯ ಹಾಡುಗಳಲ್ಲಂತೂ ಚಾಮುಂಡಿ ನಂಜನಗೂಡಿನ ನಂಜುಂಡನ ಪ್ರೇಯಸಿ. ಅವನಿಗೆ ಮನೆಯಲ್ಲಿ ಹೆಂಡತಿಯರಿದ್ದಾರೆ, ಜಗಳವೂ ಇದೆ. ಪುರಾಣದಲ್ಲಿ ಇಲ್ಲದ ಈ ಸಂಸಾರವನ್ನು ಹಾಡಿಕೊಂಡು ಬಂದವರ ಮೇಲೆ ದೇವಿ ಮುನಿಸಿಕೊಂಡ ಹಾಗೇನೂ ಕಾಣುವುದಿಲ್ಲ.

1987ರಲ್ಲಿ ಟಿವಿಯಲ್ಲಿ ರಾಮಾಯಣ, 1988ರಲ್ಲಿ ಮಹಾಭಾರತ ಬಂದಾಗ ಇನ್ನು ಹಳ್ಳಿ ನಾಟಕ ಮುಗಿಯಿತು ಅಂದವರು ಬಹಳ ಮಂದಿ. ಭಾನುವಾರ ಬೆಳಗ್ಗೆ ಟಿವಿ ಇದ್ದ ಮನೆ ಮುಂದೆ ಚಪ್ಪಲಿ ರಾಶಿ. ಭಾಷೆ ಹಿಂದಿ, ಅರ್ಥ ಎಲ್ಲರಿಗೂ ಆಗುತ್ತಿತ್ತು. ಕತೆ ಮೊದಲೇ ಗೊತ್ತಿತ್ತಲ್ಲ! 2020ರ ಲಾಕ್‌ಡೌನಿನಲ್ಲಿ ಇನ್ನೊಂದು ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಬಂತು. ದಶಕಗಳ ಕಾಲ ಡಬ್ಬಿಂಗ್ ಬೇಡ ಅನ್ನುತ್ತಿದ್ದ ನಾಡು ಕೃಷ್ಣ ಕನ್ನಡ ಮಾತಾಡಿದಾಗ ಸುಮ್ಮನೆ ಕೂತು ನೋಡಿತು. ಇಷ್ಟೆಲ್ಲ ಆದರೂ ನಾಟಕ ಮುಗಿಯಲಿಲ್ಲ. ಟಿವಿಯ ದುರ್ಯೋಧನನಿಗೆ ನಮ್ಮೂರಿನ ಯಾರೂ ಹಾರ ಹಾಕಲು ಆಗುವುದಿಲ್ಲವಲ್ಲ.

2019ರ ಲೋಕಸಭಾ ಚುನಾವಣೆಯನ್ನು ಮಂಡ್ಯದವರು ಮರೆಯುವುದಿಲ್ಲ. ಆ ಹೊತ್ತಿಗೆ ದೊಡ್ಡ ಬಜೆಟ್ಟಿನ ಕುರುಕ್ಷೇತ್ರ ಸಿನಿಮಾ ಚಿತ್ರೀಕರಣ ಮುಗಿಸಿ ಬಿಡುಗಡೆಗೆ ಕಾಯುತ್ತಿತ್ತು. ಅದರಲ್ಲಿ ದುರ್ಯೋಧನ ದರ್ಶನ್, ಅಭಿಮನ್ಯು ನಿಖಿಲ್ ಕುಮಾರಸ್ವಾಮಿ, ಭೀಷ್ಮ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್. 2018ರ ನವೆಂಬರಿನಲ್ಲಿ ಅಂಬರೀಶ್ ತೀರಿಕೊಂಡರು. ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ನಿಂತರು. ಎದುರಿಗೆ ನಿಖಿಲ್. ಸುಮಲತಾ ಪರ ಪ್ರಚಾರಕ್ಕೆ ಇಳಿದವರು ದರ್ಶನ್. ಅಂದರೆ ಭೀಷ್ಮನ ಹೆಂಡತಿಯ ಪರವಾಗಿ ದುರ್ಯೋಧನ ಅಭಿಮನ್ಯುವಿನ ವಿರುದ್ಧ ಓಟು ಕೇಳುತ್ತಿದ್ದ! ಭೀಷ್ಮನಿಗೆ ಹೆಂಡತಿ ಎಲ್ಲಿಂದ ಬಂದಳು ಅಂತ ಟೀ ಅಂಗಡಿಯಲ್ಲಿ ನಗೆಯೋ ನಗೆ. ಗೆದ್ದವರು ಸುಮಲತಾ. ಸಿನಿಮಾ ಆಮೇಲೆ ಆಗಸ್ಟಿನಲ್ಲಿ ಬಂತು. ಚುನಾವಣೆಯನ್ನು ಅರ್ಥ ಮಾಡಿಕೊಳ್ಳಲು ಜನ ಪಕ್ಷದ ಪ್ರಣಾಳಿಕೆ ತಿರುವಲಿಲ್ಲ, ಪಾಂಪ್ಲೆಟ್ಟಿನ ಪಾತ್ರಪಟ್ಟಿ ತಿರುವಿದರು.

ನಮ್ಮ ಮಾವನ ಊರಿನಲ್ಲಿ ಈ ಸಲವೂ ನಾಟಕ ಇದೆ. ದುರ್ಯೋಧನನ ಪಾರ್ಟು ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗನಿಗೆ ಹೋಗಿದೆ. ದಿನಾ ಪ್ರಾಕ್ಟೀಸಿಗೆ ಬರಲು ಅವನಿಗೆ ಆಗುವುದಿಲ್ಲ. ಮೇಷ್ಟ್ರು ಮಟ್ಟು ಹಾಡಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಅವನು ಮೆಟ್ರೋದಲ್ಲಿ ಕೇಳಿಕೊಂಡು ಹೋಗುತ್ತಾನೆ. ಮಾವ ಭೀಷ್ಮನನ್ನು ಹಿಡಿದಿದ್ದಾರೆ. ರೇಟು ಸ್ವಲ್ಪ ಕಮ್ಮಿ. 'ಕೊನೇಲಿ ಬಾಣದ ಮ್ಯಾಲೆ ಮನೀಕಂಡೇ ಹಾಡ್ಬೋದು ಕಣ್ಲಾ, ಮಂಡಿ ನೋವಿಗೆ ಒಳ್ಳೇದು' ಅನ್ನುತ್ತಾರೆ. ಅತ್ತೆ ಈ ಸಲ ಮಾತು ಬಿಟ್ಟಿಲ್ಲ. ಮಾರಲು ಮನೆಯಲ್ಲಿ ಹಸು ಇಲ್ಲ.