ಬ್ಯಾಂಡ್‌ಸಾ ಗೆರೆ ಬಿಟ್ಟರೆ ಮೊದಲು ಎಲ್ಲಿ ಕೈ ಹಾಕಬೇಕು?

ಬ್ಯಾಂಡ್‌ಸಾ ಅಂದರೆ ಎರಡು ಚಕ್ರಗಳ ಮೇಲೆ ಬಳೆಯ ಹಾಗೆ ಸುತ್ತುವ ಬ್ಲೇಡಿನ ಗರಗಸ. ಬ್ಲೇಡ್ ಗೆರೆ ಬಿಟ್ಟು ಓಡಿತು ಎಂದಕೂಡಲೇ ಹೆಚ್ಚಿನವರ ಕೈ ಹೋಗುವುದು ಗೈಡಿನ ಸ್ಕ್ರೂವಿಗೆ. ಅಲ್ಲೇ ಎಡವುವುದು. ನೆಟ್ಟಗೆ ಓಡುವ ಬ್ಲೇಡಿಗೆ ಗೈಡ್ ಆಸರೆ ಕೊಡುತ್ತದೆ, ಅಷ್ಟೆ. ಸೊಟ್ಟ ಓಡುವುದನ್ನು ಹಿಡಿದು ನೆಟ್ಟಗೆ ಮಾಡುವ ಶಕ್ತಿ ಅದಕ್ಕಿಲ್ಲ. ಬ್ಲೇಡ್, ಬಿಗಿತ, ಟ್ರ್ಯಾಕಿಂಗ್ (ಚಕ್ರದ ಮೇಲೆ ಬ್ಲೇಡ್ ಓಡುವ ಜಾಗ), ಟೇಬಲ್, ಗೈಡ್, ಕೊನೆಗೆ ಫೆನ್ಸ್ (ಮರವನ್ನು ಒರಗಿಸಿ ತಳ್ಳುವ ನೆಟ್ಟನೆ ಕಂಬಿ): ಹೊಂದಾಣಿಕೆ ಈ ಸಾಲಿನಲ್ಲೇ ನಡೆಯಬೇಕು. ಹಿಂದಿನದನ್ನು ಅಲ್ಲಾಡಿಸಿದರೆ ಮುಂದಿನದ್ದೆಲ್ಲ ಕೆಡುತ್ತದೆ. ಮೂರು ಸ್ಕ್ರೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಯಾಯಿತು ಎಂಬುದೂ ಗೊತ್ತಾಗುವುದಿಲ್ಲ.

ಇಲ್ಲಿನ ಅಳತೆಗಳು 14 ಇಂಚು, ಅಂದರೆ ಸುಮಾರು 355 ಮಿ.ಮೀ. ಚಕ್ರದ ಯಂತ್ರಕ್ಕೆ. ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಮರದ ಮಿಲ್ಲಿನಲ್ಲಿ ದಿಮ್ಮಿ ಸೀಳುವ ದೊಡ್ಡ ಗರಗಸದ ಜಾತಿಯೇ ಬೇರೆ. ಅಲ್ಲಿ ಅಗಲ ಬ್ಲೇಡಿನ ಹಲ್ಲು ಚಕ್ರದ ಅಂಚಿನಿಂದ ಹೊರಗೆ ಚಾಚಿ ಓಡುತ್ತದೆ. ನಮ್ಮ ಸಣ್ಣ ಯಂತ್ರದ ಚಕ್ರಕ್ಕೆ ಸುತ್ತಿದ ರಬ್ಬರ್ ಪಟ್ಟಿಗೆ ನಡುವೆ ಉಬ್ಬು ಇರುತ್ತದೆ, ಬ್ಲೇಡ್ ಕೂರಬೇಕಾದದ್ದು ಆ ಉಬ್ಬಿನ ಮೇಲೆ. ಮಿಲ್ಲಿನಲ್ಲಿ ನೋಡಿದ್ದನ್ನು ಇಲ್ಲಿ ಹಾಗೆಯೇ ಮಾಡಲು ಹೋಗಬೇಡಿ.

ಬ್ಲೇಡ್

ಅಗಲವನ್ನು ನಮ್ಮ ಕಡೆಯ ಆಚಾರಿಗಳು ನೂಲಿನಲ್ಲಿ ಹೇಳುವುದುಂಟು. ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ. ಎರಡು ನೂಲಿನ ಬ್ಲೇಡ್ ಸುಮಾರು 6 ಮಿ.ಮೀ., ನಾಲ್ಕು ನೂಲಿನದು ಸುಮಾರು 12 ಮಿ.ಮೀ. 6 ಮಿ.ಮೀ. ಬ್ಲೇಡ್ ಸುಮಾರು 16 ಮಿ.ಮೀ. ತ್ರಿಜ್ಯದ ತಿರುವನ್ನು ತೆಗೆಯುತ್ತದೆ. 10ರದ್ದಕ್ಕೆ 37, 12ರದ್ದಕ್ಕೆ 63 ಮಿ.ಮೀ. ಬೇಕು. ಅದಕ್ಕಿಂತ ಸಣ್ಣ ತಿರುವಿಗೆ ಒತ್ತಾಯ ಮಾಡಿದರೆ ಬ್ಲೇಡ್ ತಿರುಚಿಕೊಂಡು ಗೈಡನ್ನು ತಿನ್ನುತ್ತದೆ.

ಇಂಚಿಗೆ ಎಷ್ಟು ಹಲ್ಲು ಎಂಬುದು ಅಗಲಕ್ಕಿಂತ ಮುಖ್ಯ. ಮರದೊಳಗೆ ಒಂದು ಹೊತ್ತಿಗೆ ಕನಿಷ್ಠ 3 ಹಲ್ಲು ಇರಬೇಕು. 6ರಿಂದ 12 ಇದ್ದರೆ ಹದ, 24 ದಾಟಬಾರದು. 150 ಮಿ.ಮೀ. ಎತ್ತರದ ಹಲಸಿನ ಹಲಗೆಯನ್ನು ಇಂಚಿಗೆ 3 ಹಲ್ಲಿನ ಬ್ಲೇಡಿನಲ್ಲಿ ಸೀಳಿದರೆ 18 ಹಲ್ಲು ಒಳಗಿರುತ್ತವೆ. ಅದನ್ನೇ ಇಂಚಿಗೆ 10 ಹಲ್ಲಿನದರಲ್ಲಿ ಸೀಳಲು ಹೊರಟರೆ 60 ಹಲ್ಲು. ಹಲ್ಲಿನ ನಡುವಿನ ಗುಂಡಿಯಲ್ಲಿ ಹುಡಿ ತುಂಬಿ ಹೊರಬರಲು ಜಾಗವಿಲ್ಲದೆ ಬ್ಲೇಡ್ ಬಿಸಿಯಾಗುತ್ತದೆ, ಬಿಸಿಯಾದದ್ದು ಉದ್ದವಾಗಿ ಸಡಿಲಾಗುತ್ತದೆ, ಸಡಿಲಾದದ್ದು ಬಾಗುತ್ತದೆ. ಅದೇ ಬ್ಲೇಡ್ 18 ಮಿ.ಮೀ. ಪ್ಲೈವುಡ್ಡಿಗೆ ಒಗ್ಗುತ್ತದೆ, ಅಲ್ಲಿ 7 ಹಲ್ಲು ಮಾತ್ರ ಒಳಗಿರುವುದು.

ಬಿಗಿತ, ಟ್ರ್ಯಾಕಿಂಗ್

ಪ್ಲಗ್ ಕಿತ್ತಿಡಿ. ಮೇಲಿನ, ಕೆಳಗಿನ ಗೈಡ್‌ಗಳನ್ನೂ ಹಿಂದಿನಿಂದ ಬ್ಲೇಡಿನ ಬೆನ್ನನ್ನು ತಡೆಯುವ ಥ್ರಸ್ಟ್ ಬೇರಿಂಗುಗಳನ್ನೂ ಬ್ಲೇಡಿಗೆ ತಾಗದಷ್ಟು ದೂರ ಸರಿಸಿ. ಬ್ಲೇಡ್ ಹಾಕಿ ಮೇಲಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಬ್ಲೇಡ್ ಮುಂದೆ ಬಂದರೆ ಮೇಲಿನ ಚಕ್ರವನ್ನು ಹಿಂದಕ್ಕೆ, ಹಿಂದೆ ಹೋದರೆ ಮುಂದಕ್ಕೆ ವಾಲಿಸಬೇಕು. ಟ್ರ್ಯಾಕಿಂಗ್ ತಿರುಪನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಬ್ಲೇಡ್ ತನ್ನ ಜಾಗ ಹಿಡಿಯಲು ಹತ್ತು ಹನ್ನೆರಡು ಸುತ್ತು ಬೇಕು. ಕೊನೆಗೆ ಲಾಕ್ ನಟ್ ಬಿಗಿಯುವಾಗಲೂ ಅದು ಒಂದಿಷ್ಟು ಸರಿಯುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಿ.

ಯಂತ್ರದ ಬೆನ್ನಿನಲ್ಲಿರುವ ಬಿಗಿತದ ಮಾಪಕವನ್ನು ಪೂರ್ತಿ ನಂಬುವ ಹಾಗಿಲ್ಲ, ಸ್ಪ್ರಿಂಗ್ ಹಳತಾದರೆ ಅದು ಸುಳ್ಳು ಹೇಳುತ್ತದೆ. ಗೈಡನ್ನು ಟೇಬಲ್ಲಿನಿಂದ 150 ಮಿ.ಮೀ. ಮೇಲಕ್ಕೇರಿಸಿ ಬೆರಳಿನಿಂದ ಬ್ಲೇಡನ್ನು ಬದಿಗೆ ಒತ್ತಿದರೆ 6 ಮಿ.ಮೀ.ಯಷ್ಟು ಸರಿಯಬೇಕು ಎಂಬುದು ರೂಢಿಯ ಲೆಕ್ಕ. ಬೆರಳಿನ ಬಲ ಒಬ್ಬೊಬ್ಬರದು ಒಂದೊಂದು ರೀತಿ, ಹಾಗಾಗಿ ನಡುಕದ ಪರೀಕ್ಷೆಯೇ ಮೇಲು. ಗೈಡ್‌ಗಳನ್ನು ದೂರವಿಟ್ಟೇ, ಬಾಗಿಲು ಮುಚ್ಚಿ ಯಂತ್ರ ಓಡಿಸಿ, ಬ್ಲೇಡನ್ನು ಪಕ್ಕದಿಂದ ನೋಡುತ್ತ ಬಿಗಿತವನ್ನು ನಿಧಾನ ಇಳಿಸಿ. ಬ್ಲೇಡ್ ಮೀಟಿಬಿಟ್ಟ ತಂತಿಯ ಹಾಗೆ ನಡುಗಲು ಶುರುವಾದಲ್ಲಿ ನಿಲ್ಲಿಸಿ, ನಡುಕ ಮಾಯವಾಗುವವರೆಗೆ ಬಿಗಿ ಮಾಡಿ, ಮೇಲೆ ಕಾಲು ಸುತ್ತು ಸೇರಿಸಿ. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗುವಷ್ಟು ಬಿಗಿದಿದ್ದರೆ ಅತಿಯಾಯಿತು. ಗಂಟು ಸಿಕ್ಕಾಗಿನ ಹೊಡೆತವನ್ನು ನುಂಗಿಕೊಳ್ಳಲು ಸ್ಪ್ರಿಂಗಿಗೆ ಎಡೆಯೇ ಉಳಿಯುವುದಿಲ್ಲ.

ಟೇಬಲ್, ಗೈಡ್

ಟೇಬಲ್ಲಿನ ಕೋನವನ್ನು ಬಿಗಿ ಮಾಡಿದ ಮೇಲೆಯೇ ನೋಡಬೇಕು, ಬಿಗಿತಕ್ಕೆ ಯಂತ್ರದ ಚೌಕಟ್ಟೂ ಒಂದಿಷ್ಟು ಬಾಗುತ್ತದೆ. ಮೂಲೆಮಟ್ಟವನ್ನು ಹಲ್ಲಿಗೆ ತಾಗಿಸದೆ ಬ್ಲೇಡಿನ ಮೈಗೆ ಹಿಡಿಯಿರಿ. ಇನ್ನೂ ನಿಖರ ಬೇಕಾದರೆ 75 ಮಿ.ಮೀ. ಎತ್ತರದ ಒಂದು ಮರದ ತುಂಡಿನ ತುದಿಯಲ್ಲಿ 10 ಮಿ.ಮೀ. ಆಳದ ಸೀಳು ಹಾಕಿ ಯಂತ್ರ ನಿಲ್ಲಿಸಿ. ತುಂಡನ್ನು ಮಗುಚಿ, ಆ ಸೀಳನ್ನು ಬ್ಲೇಡಿನ ಹಿಂಬದಿಗೆ ತನ್ನಿ. ಬ್ಲೇಡಿನ ಬೆನ್ನು ಸೀಳಿನೊಳಗೆ ತಡೆಯಿಲ್ಲದೆ ಹೊಕ್ಕರೆ ಟೇಬಲ್ ಲಂಬವಾಗಿದೆ. ಮಗುಚಿದಾಗ ತಪ್ಪು ಎರಡರಷ್ಟಾಗಿ ಕಾಣುವುದರಿಂದ ಮೂಲೆಮಟ್ಟಕ್ಕೆ ಸಿಗದ ವಾಲುವಿಕೆಯೂ ಇಲ್ಲಿ ಸಿಕ್ಕಿಬೀಳುತ್ತದೆ.

ಪಕ್ಕದ ಗೈಡಿಗೂ ಬ್ಲೇಡಿಗೂ ನಡುವೆ ಒಂದು ಬರೆಯುವ ಕಾಗದದ ದಪ್ಪದ, ಸುಮಾರು 0.1 ಮಿ.ಮೀ. ಎಡೆ ಇರಲಿ. ಗೈಡಿನ ಮುಂದಿನ ಅಂಚು ಹಲ್ಲಿನ ಗುಂಡಿಯ ಬುಡದಿಂದ 1ರಿಂದ 1.5 ಮಿ.ಮೀ. ಹಿಂದಿರಬೇಕು. ಮುಂದೆ ಬಂದರೆ ಹಲ್ಲಿನ ಸೆಟ್ (ಎಡಬಲಕ್ಕೆ ಬಾಗಿಸಿದ ಹದ) ಒಂದೇ ಓಟದಲ್ಲಿ ಹೋಗುತ್ತದೆ. ಥ್ರಸ್ಟ್ ಬೇರಿಂಗ್ ಬ್ಲೇಡಿನ ಬೆನ್ನಿನಿಂದ ದಪ್ಪ ಮದುವೆ ಕಾಗದದಷ್ಟು, ಸುಮಾರು 0.4 ಮಿ.ಮೀ. ದೂರ. ಬರಿದೇ ಓಡುವಾಗ ಅದು ತಿರುಗಬಾರದು, ಮರ ತಳ್ಳಿದಾಗ ಮಾತ್ರ ತಿರುಗಬೇಕು. ಟೇಬಲ್ಲಿನ ಅಡಿಯ ಗೈಡ್‌ಗಳಿಗೂ ಇದೇ ಅಳತೆ. ಬಗ್ಗಿ ನೋಡಬೇಕಾದ್ದರಿಂದ ಅವುಗಳನ್ನು ಮರೆಯುವವರೇ ಹೆಚ್ಚು. ಕೆಲಸದ ಹೊತ್ತಿಗೆ ಮೇಲಿನ ಗೈಡ್ ಮರದಿಂದ 6 ಮಿ.ಮೀ. ಮೇಲಿದ್ದರೆ ಸಾಕು.

ಲಕ್ಷಣ ನೋಡಿ ಕಾರಣ ಹಿಡಿಯುವುದು

ಯಂತ್ರ ಒಂದೇ ಬದಿಗೆ ಎಳೆಯುತ್ತಿದ್ದರೆ ಮೊದಲು ಆ ಎಳೆತ ಪ್ರತಿಸಲ ಒಂದೇ ಕೋನದ್ದೋ ಅಲ್ಲವೋ ನೋಡಿ. 400 ಮಿ.ಮೀ. ಉದ್ದದ ನೆಟ್ಟನೆ ಅಂಚಿನ ಹಲಗೆಗೆ ಅಂಚಿಗೆ ಸಮಾನಾಂತರವಾಗಿ ಗೆರೆ ಹಾಕಿ, ಫೆನ್ಸ್ ಇಲ್ಲದೆ ಕೈಯಲ್ಲೇ ಗೆರೆ ಹಿಡಿದು 250 ಮಿ.ಮೀ. ಕೊಯ್ಯಿರಿ. ಹಲಗೆಯನ್ನು ಅಲುಗಾಡಿಸದೆ ಸ್ವಿಚ್ ಆರಿಸಿ, ಅಂಚಿನ ಗುಂಟ ಟೇಬಲ್ ಮೇಲೆ ಪೆನ್ಸಿಲ್ ಎಳೆಯಿರಿ. ಎರಡು ಮೂರು ತುಂಡಿನಲ್ಲೂ ಅದೇ ಕೋನ ಬಂದರೆ ಫೆನ್ಸನ್ನು ಆ ಗೆರೆಗೆ ಹೊಂದಿಸಿದರೆ ಮುಗಿಯಿತು. ಅಥವಾ ಟ್ರ್ಯಾಕಿಂಗನ್ನು ಕೂದಲೆಳೆಯಷ್ಟು ಬದಲಿಸಿದರೂ ಕೋನ ಬದಲಾಗುತ್ತದೆ, ಏಕೆಂದರೆ ಉಬ್ಬಿನ ಇಳಿಜಾರಿನಲ್ಲಿ ಕೂತ ಬ್ಲೇಡಿನ ಮುಖವೇ ತಿರುಗಿರುತ್ತದೆ. ಒತ್ತಿದಷ್ಟೂ ಕೋನ ಹೆಚ್ಚುತ್ತಿದ್ದರೆ ಫೆನ್ಸ್ ಮುಟ್ಟಬೇಡಿ. ಹಲ್ಲು ಬೊಡ್ಡಾಗಿದೆ, ಇಲ್ಲವೇ ಬಿಗಿತ ಸಾಲದು. ಹಿತ್ತಲ ಮರಗಳಲ್ಲಿ ಬೇಲಿಯ ಮೊಳೆ, ತಂತಿ ಒಳಗೆ ಹುದುಗಿರುವುದು ಸಾಮಾನ್ಯ. ಒಂದು ಬದಿಯ ಹಲ್ಲು ಮೊಳೆಗೆ ಉಜ್ಜಿಹೋದರೆ ಬ್ಲೇಡ್ ಹರಿತ ಉಳಿದ ಬದಿಗೇ ಓಡುತ್ತದೆ. ಅದಕ್ಕೆ ಹೊಂದಾಣಿಕೆಯಲ್ಲಿ ಮದ್ದಿಲ್ಲ.

ಹಲಗೆ ಮೇಲೆ ಕೆಳಗೆ ಗೆರೆಯಲ್ಲೇ ಇದ್ದು ನಡುವೆ ಹೊಟ್ಟೆ ಬಿಟ್ಟಿದ್ದರೆ ಬ್ಲೇಡ್ ಮರದೊಳಗೆ ಬಿಲ್ಲಿನ ಹಾಗೆ ಬಾಗಿದೆ ಎಂದರ್ಥ. ಬಿಗಿತ ಸರಿಯಿದೆ ಅಂತಾದರೆ ತಳ್ಳುವ ವೇಗ ಇಳಿಸಿ, ಹಲ್ಲಿನ ಸಂಖ್ಯೆ ನೋಡಿ.

ಟಕ್ ಟಕ್ ಸದ್ದು ಬಂದರೆ ಸೀಮೆಸುಣ್ಣದಲ್ಲಿ ಬ್ಲೇಡಿನ ಬೆಸುಗೆಗೂ ಚಕ್ರಕ್ಕೂ ಒಂದೊಂದು ಗುರುತು ಹಾಕಿ, ಪ್ಲಗ್ ತೆಗೆದು ಕೈಯಲ್ಲಿ ತಿರುಗಿಸಿ. 2375 ಮಿ.ಮೀ. ಉದ್ದದ ಬ್ಲೇಡ್ ಒಂದು ಸುತ್ತು ಬರುವಷ್ಟರಲ್ಲಿ ಚಕ್ರ ಎರಡು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. ಬ್ಲೇಡಿನ ಗುರುತಿಗೆ ಸರಿಯಾಗಿ ತಡೆದರೆ ಬೆಸುಗೆ ಉಬ್ಬಿದೆ, ಬೆನ್ನನ್ನು ಸಾಣೆಕಲ್ಲಿನಿಂದ ತಿಕ್ಕಿ ಸಮಮಾಡಿ. ಚಕ್ರದ ಗುರುತಿಗೆ ತಡೆದರೆ ರಬ್ಬರ್ ಪಟ್ಟಿಯಲ್ಲಿ ಬಿರುಕೋ ಹುಡಿಯ ಹೆಕ್ಕಳೆಯೋ ಇದೆ.

ತುಂಡಾದ ಬ್ಲೇಡನ್ನು ಎಸೆಯುವ ಮೊದಲು ತುದಿ ನೋಡಿ. ಬೆಸುಗೆಯಲ್ಲೇ ಬಿಟ್ಟಿದ್ದರೆ ಬೆಸೆದ ಮೇಲೆ ಕಾಯಿಸಿ ಹದಮಾಡಿದ್ದು ಸಾಲದು. ಹಲ್ಲಿನ ಬುಡದಿಂದ ಬಿರುಕು ಹೊರಟಿದ್ದರೆ ದಣಿದ ಉಕ್ಕು: ಬೊಡ್ಡು ಹಲ್ಲಿನಲ್ಲಿ ಒತ್ತಿದ್ದು, ಅತಿ ಬಿಗಿತ, ಅಥವಾ ಸಣ್ಣ ಚಕ್ರಕ್ಕೆ ದಪ್ಪ ಬ್ಲೇಡ್. 355 ಮಿ.ಮೀ. ಚಕ್ರಕ್ಕೆ 0.6 ಮಿ.ಮೀ. ದಪ್ಪದ್ದು ನಡೆಯುತ್ತದೆ, 0.9ರದ್ದು ಬೇಗ ಬಿರಿಯುತ್ತದೆ. ಬೆನ್ನಿನ ಕಡೆಯಿಂದ ಬಿರಿದಿದ್ದರೆ ಥ್ರಸ್ಟ್ ಬೇರಿಂಗ್ ಹಿಡಿದುಕೊಂಡಿದೆ, ಇಲ್ಲವೇ ಬ್ಲೇಡಿಗೆ ಸದಾ ತಾಗಿಕೊಂಡೇ ಇದೆ.

ಯಂತ್ರ ದಮ್ಮು ಕಟ್ಟಿದರೆ ಬೆಲ್ಟ್ ನೋಡಿ, ಆಮೇಲೆ ವೋಲ್ಟೇಜ್. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230 ಇರಬೇಕಾದಲ್ಲಿ ಸಂಜೆ 190 ಬಂದರೆ ಬಲದ ಮೂರರಲ್ಲೊಂದು ಪಾಲು ಹೋಯಿತು. ಉದ್ದದ ಸಪೂರ ಎಕ್ಸ್‌ಟೆನ್ಶನ್ ವಯರೂ ಅದನ್ನೇ ಮಾಡುತ್ತದೆ.

ಮೇಣ, ಮಳೆ

ಹಸಿ ಹಲಸು, ರಬ್ಬರ್ ಮರ ಕೊಯ್ದರೆ ಮೇಣ ಬ್ಲೇಡಿಗೆ ಹಿಡಿದು, ಅಲ್ಲಿಂದ ಚಕ್ರದ ಪಟ್ಟಿಗೆ ಸೇರಿ, ಹುಡಿಯ ಜತೆ ಗಟ್ಟಿಯಾಗುತ್ತದೆ. ಚಕ್ರದ ಉಬ್ಬಿನ ಆಕಾರವೇ ಬದಲಾಗಿ ಬ್ಲೇಡ್ ಅತ್ತಿತ್ತ ಓಲಾಡುತ್ತದೆ. ಬೆಳಗ್ಗೆ ಸರಿಯಿದ್ದ ಟ್ರ್ಯಾಕಿಂಗ್ ಮಧ್ಯಾಹ್ನಕ್ಕೆ ಕೆಟ್ಟರೆ ಕಾರಣ ಹೆಚ್ಚಾಗಿ ಇದೇ. ಹಲಸಿನ ಹಣ್ಣು ಕೊಯ್ಯುವ ಕತ್ತಿಗೆ ಎಣ್ಣೆ ಸವರುವ ಮನೆಯ ಉಪಾಯವನ್ನು ಇಲ್ಲಿ ತರಬೇಡಿ. ಎಣ್ಣೆ ಪಟ್ಟಿಗೆ ತಾಗಿದರೆ ರಬ್ಬರ್ ಮೆತ್ತಗಾಗಿ ಬ್ಲೇಡ್ ಜಾರುತ್ತದೆ. ಬದಲಿಗೆ ಯಂತ್ರ ನಿಲ್ಲಿಸಿ ಬ್ಲೇಡಿನ ಎರಡೂ ಮೈಗೆ ಮೇಣದ ಬತ್ತಿ ಉಜ್ಜಿ. ಬ್ಲೇಡಿಗೆ ಹಿಡಿದ ಮೇಣವನ್ನು ತೆಗೆಯಲು ಸೀಮೆಎಣ್ಣೆ ಬಳಸುವುದಾದರೆ ಬ್ಲೇಡನ್ನು ಕಳಚಿದ ಮೇಲೆಯೇ, ಒರೆಸಿ ಒಣಗಿಸಿ ಮತ್ತೆ ಹಾಕಿ. ಪಟ್ಟಿಗೆ ಗಡಸು ಬ್ರಷ್ ಸಾಕು. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ ಎರಕದ ಟೇಬಲ್ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ, ಹುಡಿ ಗುಡಿಸಿ ಬತ್ತಿಯ ಮೇಣ ಸವರಿಡಿ. ತೇವ ಹೀರಿದ ಹುಡಿಯೇ ತುಕ್ಕಿನ ಮನೆ.

ಕೆಲಸ ಮುಗಿದು ಒಂದೆರಡು ದಿನ ಯಂತ್ರ ಮುಟ್ಟುವುದಿಲ್ಲ ಎಂದಾದರೆ ಬಿಗಿತ ಇಳಿಸಿ, ಇಲ್ಲದಿದ್ದರೆ ಬ್ಲೇಡ್ ಒತ್ತಿದಲ್ಲಿ ಪಟ್ಟಿ ಕುಳಿಬೀಳುತ್ತದೆ. ಇಳಿಸಿದ ಮೇಲೆ ಸ್ವಿಚ್ಚಿಗೆ ‘ಬ್ಲೇಡ್ ಸಡಿಲ ಇದೆ’ ಎಂಬ ಚೀಟಿ ತೂಗುಹಾಕಿ. ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ, ನಾಳೆ ಬಾಗಿಲು ತೆರೆಯುವವರು ಯಾವ ಲಿಪಿ ಓದುವವರೋ ಗೊತ್ತಿಲ್ಲ.