ಮೂಳೆ ಪ್ರಿಂಟ್ ಆಯಿತು, ಸ್ನಾಯು ಎಲ್ಲಿಗೆ ಕಟ್ಟೋಣ?

ಟೈಟಾನಿಯಂ ಮೂಳೆ ಪ್ರಿಂಟ್ ಮಾಡುವ ವಿಡಿಯೋ ನೀವೂ ನೋಡಿರಬಹುದು. ಲೋಹದ ಪುಡಿಯ ಮೇಲೆ ಲೇಸರ್ ಓಡುತ್ತದೆ, ಪದರದ ಮೇಲೆ ಪದರ ಕೂರುತ್ತದೆ. ಕೊನೆಗೆ ಪುಡಿ ಸರಿಸಿದರೆ ಥೇಟ್ ಮೂಳೆಯ ಹಾಗೇ ಇರುವ ವಸ್ತು ಕೈಗೆ ಬರುತ್ತದೆ. ರೋಗಿಯ ಅಳತೆಗೆ ತಕ್ಕ ಇಂಪ್ಲಾಂಟ್ ವಿನ್ಯಾಸ ಮಾಡುವುದೇ ನನ್ನ ಕೆಲಸ. ಆ ವಿಡಿಯೋದಲ್ಲಿ ಕಾಣದ ಒಂದು ವಿಷಯವಿದೆ. ಮೂಳೆಯ ಆಕಾರ ತರುವುದು ಈ ಕೆಲಸದಲ್ಲಿ ಸುಲಭದ ಭಾಗ. ಆ ಲೋಹಕ್ಕೆ ಸ್ನಾಯು, ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು), ಲಿಗಮೆಂಟ್ (ಮೂಳೆಯನ್ನು ಮೂಳೆಗೆ ಹಿಡಿದಿಡುವ ನಾರು) ಕಟ್ಟುವುದು ಹೇಗೆ ಅನ್ನೋದೇ ನಿಜವಾದ ತಲೆನೋವು.

ಭುಜವನ್ನೇ ತೆಗೆದುಕೊಳ್ಳೋಣ. ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಹದಿಹರೆಯದವರಿಗೆ ಬರುತ್ತದೆ. ಮೊಣಕಾಲಿನ ಆಸುಪಾಸು ಜಾಸ್ತಿ, ತೋಳಿನ ಮೂಳೆಯ ಮೇಲ್ತುದಿಯಲ್ಲೂ ಬರುತ್ತದೆ. ಹಿಂದೆ ಕೈಯನ್ನೇ ತೆಗೆಯುತ್ತಿದ್ದರು. ಈಗ ಹೆಚ್ಚಿನವರಲ್ಲಿ ಗೆಡ್ಡೆ ಇರುವ ಭಾಗವನ್ನು ಮಾತ್ರ ಕತ್ತರಿಸಿ, ಆ ಜಾಗಕ್ಕೆ ಇಂಪ್ಲಾಂಟ್ ಕೂರಿಸಿ ಕೈ ಉಳಿಸುತ್ತಾರೆ.

ಆಪರೇಷನ್‌ಗೆ ಮುಂಚೆ ಸುಮಾರು 10 ವಾರ ಕೀಮೋಥೆರಪಿ ನಡೆಯುತ್ತದೆ. ನಮಗೆ ಸಿಗುವ ಸಮಯವೂ ಅಷ್ಟೇ. ಮೂಳೆಯ ಆಕಾರಕ್ಕೆ ಸಿಟಿ ಸ್ಕ್ಯಾನ್ ಬೇಕು, ಅದರ ಪದರಗಳು ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳ್ಳಗಿರಬೇಕು. ಗೆಡ್ಡೆ ಮಜ್ಜೆಯೊಳಗೆ ಎಲ್ಲಿಯವರೆಗೆ ಇಳಿದಿದೆ ಎಂದು ಹೇಳುವುದು ಎಂಆರ್‌ಐ. ಎರಡನ್ನೂ ಒಂದರ ಮೇಲೊಂದು ಹೊಂದಿಸಿ ಸರ್ಜನ್ ಜೊತೆ ಕೂತು ಎಲ್ಲಿ ಕತ್ತರಿಸಬೇಕು ಎಂದು ಗುರುತು ಹಾಕುತ್ತೇವೆ. ಇನ್ನೊಂದು ಭುಜ ಚೆನ್ನಾಗಿರುತ್ತದಲ್ವಾ, ಅದನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಳತೆ ತೆಗೆಯುತ್ತೇವೆ. ಕತ್ತರಿಸುವ ಗೆರೆ ಕೆಲವೇ ಮಿಲಿಮೀಟರ್ ಆಚೀಚೆ ಹೋದರೂ ಇಂಪ್ಲಾಂಟ್ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಗರಗಸ ದಾರಿ ತಪ್ಪದಂತೆ ಒಂದು ಗೈಡ್ ಕೂಡ ಪ್ರಿಂಟ್ ಮಾಡಿ ಕೊಡುತ್ತೇವೆ. ಕೀಮೋಗೆ ಗೆಡ್ಡೆ ಬಗ್ಗದಿದ್ದರೆ ಗೆರೆಯೇ ಬದಲಾಗುತ್ತದೆ. ಹಳೇ ಸ್ಕ್ಯಾನ್ ನಂಬಿ ಕೂರುವ ಹಾಗಿಲ್ಲ.

ಲೋಹದ ಬಗ್ಗೆ ಎರಡು ಮಾತು. ಟೈಟಾನಿಯಂ ಮಿಶ್ರಲೋಹದ ಬಿಗುಪು, ಅಂದರೆ ಬಾಗದೆ ನಿಲ್ಲುವ ಗುಣ, ಸುಮಾರು 110 ಗಿಗಾಪ್ಯಾಸ್ಕಲ್. ಗಟ್ಟಿ ಮೂಳೆಯದು 20ರ ಆಸುಪಾಸು. ಭಾರವನ್ನೆಲ್ಲ ಲೋಹವೇ ಹೊತ್ತರೆ ಪಕ್ಕದ ಮೂಳೆಗೆ ಕೆಲಸ ಇರುವುದಿಲ್ಲ. ಕೆಲಸವಿಲ್ಲದ ಮೂಳೆ ಸವೆಯುತ್ತದೆ. ಅದಕ್ಕೇ ಇಂಪ್ಲಾಂಟ್ ಮೂಳೆಗೆ ತಾಗುವ ಕಡೆ ಜಾಲರಿಯಾಗಿ ಪ್ರಿಂಟ್ ಮಾಡುತ್ತೇವೆ. ಬಿಗುಪು ಇಳಿಯುತ್ತದೆ, ಜೊತೆಗೆ 0.3ರಿಂದ 0.8 ಮಿಲಿಮೀಟರ್ ರಂಧ್ರಗಳೊಳಗೆ ಮೂಳೆಯೇ ಬೆಳೆದು ಹಿಡಿಯುತ್ತದೆ. ಮೂಳೆ ಟೈಟಾನಿಯಂ ಜೊತೆ ಒಂದಾಗುತ್ತದೆ ಎಂಬುದು ಸ್ವೀಡನ್ನಿನ ಬ್ರೋನೆಮಾರ್ಕ್ ಅವರಿಗೆ ಕಂಡದ್ದು 1950ರ ದಶಕದಲ್ಲಿ. ಈ ಭಾಗ ಇವತ್ತು ಹೆಚ್ಚುಕಮ್ಮಿ ನಮ್ಮ ಹಿಡಿತದಲ್ಲಿದೆ.

ಆದರೆ ತಂದೆತಾಯಿ ಕೇಳುವ ಪ್ರಶ್ನೆ ಲೋಹದ್ದಲ್ಲ. "ಸಾರ್, ಮಗನ ಕೈ ಮೇಲಕ್ಕೆ ಹೋಗತ್ತಾ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಇರುವುದು ಭುಜದ ಸುತ್ತಲಿನ ಸ್ನಾಯು ಮತ್ತು ನರ ಎಷ್ಟು ಉಳಿದಿವೆ, ಉಳಿದದ್ದನ್ನು ಎಲ್ಲಿಗೆ ಕಟ್ಟಿದ್ದೇವೆ ಎಂಬುದರಲ್ಲಿ. ಕಟ್ಟದೆ ಬಿಟ್ಟರೆ ಇಂಪ್ಲಾಂಟಿನ ತಲೆ ಕೀಲಿನಿಂದ ಜಾರುತ್ತದೆ. ಎಷ್ಟು ಚೆಂದ ಪ್ರಿಂಟ್ ಆಗಿದ್ದರೂ ಕೈ ಸುಮ್ನೆ ಜೋತಾಡುತ್ತದೆ.

ದೇಹದಲ್ಲಿ ಟೆಂಡನ್ ಮೂಳೆಗೆ ಅಂಟಿಕೊಂಡಿಲ್ಲ, ಮೂಳೆಯಾಗಿ ಬದಲಾಗುತ್ತಾ ಹೋಗುತ್ತದೆ. ಮೊದಲು ನಾರು, ಆಮೇಲೆ ಮೃದು ಎಲುಬಿನ ಪದರ, ಅದರಲ್ಲೇ ಸುಣ್ಣ ಸೇರಿದ ಇನ್ನೊಂದು ಪದರ, ಕೊನೆಗೆ ಮೂಳೆ. ಮೆತ್ತನೆಯದು ಗಟ್ಟಿಯಾಗುವ ಈ ದಾರಿಯೆಲ್ಲ ತೀರಾ ಕಿರಿದಾದ ಜಾಗದಲ್ಲಿ ಮುಗಿಯುತ್ತದೆ. ಇಳಕಲ್ ಸೀರೆಯಲ್ಲಿ ಸೆರಗಿನ ನೂಲನ್ನು ಒಡಲಿನ ನೂಲಿಗೆ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಹಾಗೆ ಸೇರುವ ಜಾಗವೇ ನೇಯ್ಗೆಯ ಒಂದು ಭಾಗ. ನಾವು ಲೋಹ ಹಾಕಿದ ದಿನ ಈ ಜಾಗ ಪೂರ್ತಿ ಕಳೆದುಹೋಗುತ್ತದೆ. ಬರೀ ತೂತು ಕೊರೆದು ಟೆಂಡನ್ ಹೊಲಿದರೆ ದಾರ ಟೆಂಡನ್ನನ್ನೇ ಕೊಯ್ಯುತ್ತದೆ.

ಇಲ್ಲಿ ಬಟ್ಟೆ ಬರುತ್ತದೆ, ಅದೂ ನಾವು ಉಡುವ ಪಾಲಿಯೆಸ್ಟರ್ ಜಾತಿಯದೇ. ವೈದ್ಯಕೀಯದಲ್ಲಿ ಅದು ಹೊಸದಲ್ಲ. 1950ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಸರ್ಜನ್ ಮೈಕೆಲ್ ಡಿಬೇಕಿ ಅಂಗಡಿಯಿಂದ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ತಂದು, ಹೊಲಿಗೆ ಮಿಷನ್ನಿನಲ್ಲಿ ಕೃತಕ ರಕ್ತನಾಳ ಹೊಲಿದಿದ್ದರು. ಜರ್ಮನಿಯ ಮ್ಯೂನ್‌ಸ್ಟರ್‌ನ ಸರ್ಜನ್‌ಗಳು ಪಾಲಿಯೆಸ್ಟರ್ ಜಾಲರಿಯ ಕೊಳವೆಯನ್ನು ಇಂಪ್ಲಾಂಟಿಗೆ ತೊಡಿಸಿ ಬಳಸಿದರು. ಕೊಳವೆಯ ಮೇಲ್ತುದಿಯನ್ನು ಕೀಲಿನ ಬಟ್ಟಲಿನ ಅಂಚಿಗೂ ಕೆಳಭಾಗವನ್ನು ಲೋಹಕ್ಕೂ ಬಿಗಿದರೆ ಇಂಪ್ಲಾಂಟಿನ ತಲೆ ಜಾರುವುದಿಲ್ಲ. ಸ್ನಾಯುಗಳನ್ನು ಅದೇ ಬಟ್ಟೆಗೆ ಹೊಲಿಯುತ್ತಾರೆ. ನೂಲಿನ ಸಂದಿಯೊಳಗೆ ದೇಹದ ನಾರು ಬೆಳೆದು ಹಿಡಿಯುತ್ತದೆ. ನೇಯ್ಗೆ ಜಾಸ್ತಿ ಬಿಗಿಯಾದರೆ ನಾರು ಒಳಗೆ ಬರುವುದಿಲ್ಲ, ಸಡಿಲವಾದರೆ ಹೊಲಿಗೆ ನಿಲ್ಲುವುದಿಲ್ಲ.

ಮೊಣಕಾಲಿನ ಲಿಗಮೆಂಟ್ ಕಥೆ ಇದಕ್ಕಿಂತ ಕಠಿಣ. ಮೊಣಕಾಲಿನೊಳಗೆ ಎಸಿಎಲ್ ಎಂಬ ಮುಖ್ಯ ಲಿಗಮೆಂಟ್ ಇದೆ; ಎಳೆಯ ವಯಸ್ಸಿನವರಲ್ಲಿ ಅದು ಸುಮಾರು 2,000 ನ್ಯೂಟನ್ ಎಳೆತ ತಡೆಯುತ್ತದೆ, ಅಂದರೆ 200 ಕಿಲೋ ತೂಗು ಹಾಕಿದಷ್ಟು. ಅಷ್ಟು ಗಟ್ಟಿ ನೂಲು ಮಾಡುವುದು ಕಷ್ಟವಲ್ಲ. ಆದರೆ 1970-80ರ ದಶಕಗಳಲ್ಲಿ ಕಾರ್ಬನ್ ನಾರು, ಗೋರ್‌ಟೆಕ್ಸ್, ಡೇಕ್ರಾನ್ ಲಿಗಮೆಂಟ್‌ಗಳು ದೊಡ್ಡ ಭರವಸೆಯಿಂದ ಬಂದು ಸೋತವು. ನಡೆಯುವಾಗ ಒಂದು ಕಾಲು ವರ್ಷಕ್ಕೆ ಸುಮಾರು 10 ಲಕ್ಷ ಸಲ ಮಡಿಸಿ ಬಿಚ್ಚುತ್ತದೆ. ಮೂಳೆಯ ಸುರಂಗದ ಬಾಯಲ್ಲಿ ನೂಲು ಉಜ್ಜಿ ಉಜ್ಜಿ ಎಳೆಗಳು ಕಡಿದವು. ಉದುರಿದ ಚೂರುಗಳಿಂದ ಕೀಲು ಊದಿಕೊಂಡಿತು. ಒಂದೇ ಸಲ ಎಳೆದು ನೋಡುವ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಆಮೇಲೆ ಫ್ರಾನ್ಸಿನಲ್ಲಿ ಬಂದ ಲಾರ್ಸ್ ಲಿಗಮೆಂಟಿನಲ್ಲಿ ಕೀಲಿನೊಳಗಿನ ಭಾಗಕ್ಕೆ ಅಡ್ಡ ಎಳೆಗಳೇ ಇಲ್ಲ, ಉದ್ದದ ಎಳೆಗಳನ್ನು ಬಿಡಿಯಾಗಿ ಬಿಟ್ಟಿದ್ದಾರೆ. ಎಡಗಾಲಿಗೆ ಒಂದು ಕಡೆ ತಿರುವು, ಬಲಗಾಲಿಗೆ ಇನ್ನೊಂದು ಕಡೆ. ಹಿಂದಿನ ಸೋಲಿನಿಂದ ಕಲಿತ ವಿನ್ಯಾಸ ಅದು. ಆದರೂ ಮೊದಲ ಸಲ ಎಸಿಎಲ್ ಹರಿದ ಯುವಕರಿಗೆ ಅವರದೇ ಟೆಂಡನ್ ತೆಗೆದು ಹಾಕುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈಗ ನನ್ನ ಮೇಜಿನ ಸಮಸ್ಯೆ. ಮೂಳೆ ಬೆಳೆಯಲು ಒರಟು ಮೈ ಬೇಕು. ಪ್ರಿಂಟ್ ಆದ ಟೈಟಾನಿಯಂ ಹುಟ್ಟುತ್ತಲೇ ಒರಟು, ಅರ್ಧ ಕರಗಿದ ಪುಡಿಯ ಕಣಗಳು ಮೈಮೇಲೆ ಅಂಟಿರುತ್ತವೆ. ಅದೇ ಒರಟು ಮೈ ನೂಲನ್ನು ಅರದ ಹಾಗೆ ಉಜ್ಜಿ ಕಡಿಯುತ್ತದೆ. ಹಾಗಾಗಿ ಒಂದೇ ಇಂಪ್ಲಾಂಟಿನಲ್ಲಿ ಎರಡು ಗುಣ ತರಬೇಕು. ಕೆಳಗೆ ಮೂಳೆ ತಾಗುವ ಕಡೆ ಒರಟು ಜಾಲರಿ, ಮೇಲೆ ಬಟ್ಟೆ ಹಾದುಹೋಗುವ ಪ್ರತಿ ತೂತಿನ ಅಂಚು ದುಂಡಗೆ, ಪಾಲಿಶ್ ಮಾಡಿದ್ದು. ತೂತಿನ ಒಳಗಡೆ ಪಾಲಿಶ್ ಉಪಕರಣ ಹೋಗಲು ಜಾಗ ಬಿಟ್ಟೇ ತೂತು ಬರೆಯಬೇಕು. ಕಂಪ್ಯೂಟರಿನಲ್ಲಿ ಚೆಂದ ಕಾಣುವ ಎಷ್ಟೋ ವಿನ್ಯಾಸ ಇಲ್ಲೇ ಬಿದ್ದುಹೋಗುತ್ತವೆ. ನಾನು ತೂತಿನಲ್ಲಿ ನೂಲು ಹಾಕಿ ಎಳೆದಾಡಿ, ಎಳೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡದೆ ಮುಂದಕ್ಕೆ ಕಳಿಸುವುದಿಲ್ಲ.

ಶುಚಿಯ ವಿಷಯವೂ ಹಾಗೇ. ಜಾಲರಿಯೊಳಗೆ ಸಿಕ್ಕಿಕೊಂಡ ಪುಡಿ ಪೂರ್ತಿ ಹೊರಗೆ ಬರಬೇಕು. ಮಿಲ್ಲಿನಲ್ಲಿ ನೂಲು ಸರಾಗವಾಗಿ ಓಡಲಿ ಎಂದು ಹಚ್ಚುವ ಎಣ್ಣೆಯನ್ನೂ ತೊಳೆದು ತೆಗೆಯಬೇಕು. ಉಳಿದರೆ ಎರಡೂ ದೇಹವನ್ನು ಕೆರಳಿಸುತ್ತವೆ. ಬಟ್ಟೆಗೆ ಸೋಂಕು ಹತ್ತಿದರೆ ಬಿಡಿಸುವುದು ಬಹಳ ಕಷ್ಟ, ಎಷ್ಟೋ ಸಲ ಬಟ್ಟೆಯನ್ನೇ ತೆಗೆಯಬೇಕಾಗುತ್ತದೆ. ಕೀಮೋ ನಡೆಯುತ್ತಿರುವ ಮಕ್ಕಳಿಗಂತೂ ಈ ಭಯ ಜಾಸ್ತಿ.

ನಮ್ಮ ದೇಶದಲ್ಲಿ ಲೋಹದ ಕಡೆ ಒಳ್ಳೆಯ ಕೆಲಸ ಆಗಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಹೈದರಾಬಾದಿನ ಲೋಹ ಸಂಶೋಧನಾ ಕೇಂದ್ರ ಎನ್‌ಎಫ್‌ಟಿಡಿಸಿ ಜೊತೆ ಸೇರಿ ಕ್ಯಾನ್ಸರ್ ರೋಗಿಗಳಿಗೆಂದೇ ಕಡಿಮೆ ಬೆಲೆಯ ಸ್ವದೇಶಿ ಇಂಪ್ಲಾಂಟ್ ತಯಾರಿಸಿತು. ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾದಲ್ಲಿ ವೈದ್ಯಕೀಯ ಬಟ್ಟೆಗಳಿಗೆಂದೇ ಕೇಂದ್ರವಿದೆ. ಲೋಹದವರು, ನೇಯ್ಗೆಯವರು, ಸರ್ಜನ್‌ಗಳು ವಿನ್ಯಾಸದ ಮೊದಲ ದಿನವೇ ಒಂದೇ ಕೋಣೆಯಲ್ಲಿ ಕೂರಬೇಕು ಎಂದು ನಾನು ಹೋದಲ್ಲೆಲ್ಲ ಕೇಳುತ್ತೇನೆ. ಲೋಹ ಪ್ರಿಂಟ್ ಆದ ಮೇಲೆ ಬಟ್ಟೆಯವರನ್ನು ಕರೆದರೆ ತೂತು ಎಲ್ಲಿರಬೇಕು ಎಂದು ಹೇಳುವ ಅವಕಾಶವೇ ಅವರಿಗೆ ಸಿಗುವುದಿಲ್ಲ.

ಆಪರೇಷನ್‌ಗೆ ಮುಂಚೆ ಮನೆಯವರು ಸರ್ಜನ್ ಹತ್ತಿರ ಎರಡು ಪ್ರಶ್ನೆ ಕೇಳಿ. ಯಾವ ಸ್ನಾಯು ಉಳಿಯುತ್ತದೆ, ಅದನ್ನು ಎಲ್ಲಿಗೆ ಕಟ್ಟುತ್ತೀರಿ? ಹೆಚ್ಚಿನವರಲ್ಲಿ ಮೊಣಕೈ ಮತ್ತು ಬೆರಳುಗಳ ಕೆಲಸ ಚೆನ್ನಾಗಿ ಉಳಿಯುತ್ತದೆ. ಊಟ ಮಾಡುವುದು, ಬರೆಯುವುದು ಆಗುತ್ತದೆ. ಕೈಯನ್ನು ತಲೆಯ ಮೇಲಕ್ಕೆ ಎತ್ತುವುದು ಮಾತ್ರ ಹಲವರಿಗೆ ಆಗುವುದಿಲ್ಲ. ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಆರು ವಾರದವರೆಗೆ ಕೈ ಪಟ್ಟಿಯಲ್ಲೇ ಇರುತ್ತದೆ. ಬಟ್ಟೆಯೊಳಗೆ ನಾರು ಬೆಳೆಯಲು ಶುರುವಾಗುವುದು ಆಗಲೇ. ಆ ದಿನಗಳಲ್ಲಿ ನೋಡಲು ಬಂದ ನೆಂಟರು "ಎಲ್ಲಿ, ಸ್ವಲ್ಪ ಕೈ ಎತ್ತು ನೋಡೋಣ" ಅಂದರೆ ದಯವಿಟ್ಟು ತಡೆಯಿರಿ. ಯಾವ ವ್ಯಾಯಾಮ ಯಾವಾಗ ಎಂಬುದನ್ನು ಫಿಸಿಯೋಥೆರಪಿಸ್ಟ್ ಹೇಳುತ್ತಾರೆ.