ಓದುಗರ ಪ್ರಶ್ನೆ: ಕಾಮಾಲೆ ಮಗುವಿನ ಕಿಡ್ನಿಗೆ ಇಳಿಯುತ್ತದೆಯೇ?

ಪ್ರಶ್ನೆ: ಆರು ವರ್ಷದ ಮಗನಿಗೆ ಕಾಮಾಲೆ ಆಗಿದೆ. ಮೂತ್ರ ಕಡು ಹಳದಿ. ನಾಟಿ ಮದ್ದು ಕೊಡಿಸಿ ಉಪ್ಪು ಬಿಡಿಸದಿದ್ದರೆ ಕಿಡ್ನಿಗೆ ಇಳಿಯುತ್ತದೆ ಎಂದು ಮನೆಯ ಹಿರಿಯರು ಹೆದರಿಸುತ್ತಿದ್ದಾರೆ. ನಿಜವೇ?

ಉತ್ತರ: ಇಳಿಯುವುದಿಲ್ಲ. ಮಳೆಗಾಲ ಶುರುವಾದರೆ ಸಾಕು, ಈ ಪ್ರಶ್ನೆ ತಪ್ಪದೆ ಬರುತ್ತದೆ. ಹೋದ ವರ್ಷದ ಉತ್ತರ ಎಲ್ಲಿ ಹೋಯಿತೋ ಗೊತ್ತಿಲ್ಲ. ಈ ಸಲ ಬುಡದಿಂದಲೇ ಹೇಳಿಬಿಡೋಣ.

ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ಹೆಪಟೈಟಿಸ್‌ನಲ್ಲಿ ಲಿವರ್ ಊದಿಕೊಂಡು ಪಿತ್ತ ಸರಿಯಾಗಿ ಹರಿಯದಾಗ, ಕರಗುವ ಬಿಲಿರುಬಿನ್ ರಕ್ತಕ್ಕೆ ಹಿಂತಿರುಗುತ್ತದೆ. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದೂ, ಒಮ್ಮೊಮ್ಮೆ ಮಲ ಬಿಳಚಿಕೊಳ್ಳುವುದೂ ಹೀಗೆ. ಅಂದರೆ ನಿಮ್ಮನ್ನು ಹೆದರಿಸುತ್ತಿರುವ ಆ ಹಳದಿ ಬಣ್ಣ, ಕಿಡ್ನಿ ತನ್ನ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಪುರಾವೆ. ಲಿವರ್ ಸುಧಾರಿಸಿದಂತೆ ಮೂತ್ರವೂ ತಿಳಿಯಾಗುತ್ತದೆ. ಮದ್ದು ಕುಡಿಸಿದ ವಾರದಲ್ಲೇ ತಿಳಿಯಾಯಿತು ಎನ್ನುವವರಿಗೆ ಒಂದು ಮಾತು: ಕುಡಿಯುವ ನೀರಿನಿಂದ ಬರುವ ಹೆಪಟೈಟಿಸ್ ಎ ವೈರಸ್ ತಗುಲಿದ ಬಹುಪಾಲು ಮಕ್ಕಳು ಮದ್ದಿಲ್ಲದೆಯೂ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ನೊರೆ ನೋಡಿ ಗಾಬರಿಯಾಗುವವರಿಗೂ ಇಷ್ಟು ಗೊತ್ತಿರಲಿ. ಕಾಮಾಲೆಯ ಮೂತ್ರದ ನೊರೆ ಹಳದಿ. ಪ್ರೋಟೀನ್ ಸೋರಿದ ಮೂತ್ರದ ನೊರೆ ಬಿಳಿ, ಬೇಗ ಆರುವುದಿಲ್ಲ. ಆದರೆ ಕಣ್ಣಳತೆ ನಂಬಬೇಡಿ. ಬೆಳಗಿನ ಮೊದಲ ಮೂತ್ರದಲ್ಲಿ, ಸೋರಿಕೆ ಎಷ್ಟೆಂದು ತಿಳಿಸುವ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ ನೋಡಿಸಿ. ಈ ವಯಸ್ಸಿಗೆ 0.2ರ ಒಳಗಿದ್ದರೆ ಸರಿ. 2 ದಾಟಿದರೆ ನೆಫ್ರೋಟಿಕ್ ಮಟ್ಟದ ಸೋರಿಕೆ, ಅಂದರೆ ಮೈ ಬಾತುಕೊಳ್ಳುವಷ್ಟು ಪ್ರೋಟೀನ್ ಹೋಗುತ್ತಿದೆ. ಮೂತ್ರದ ಬಣ್ಣ ತೀರಾ ಗಾಢವಾಗಿದ್ದಾಗ, ಅದರಲ್ಲಿ ಅದ್ದಿ ನೋಡುವ ಡಿಪ್‌ಸ್ಟಿಕ್ ಪಟ್ಟಿಯ ಬಣ್ಣ ಓದುವಲ್ಲೂ ಎಡವಟ್ಟಾಗುತ್ತದೆ.

ಇನ್ನು ಉಪ್ಪು. ಸಾಮಾನ್ಯ ಕಾಮಾಲೆಯಲ್ಲಿ ಉಪ್ಪು ಬಿಡಿಸುವ ಅಗತ್ಯವೇ ಇಲ್ಲ. ಮೊದಲೇ ಬಾಯಿ ಕೆಟ್ಟ ಮಗುವಿಗೆ ಸಪ್ಪೆ ಗಂಜಿ ಕೊಟ್ಟರೆ ಅದೂ ಒಳಗೆ ಹೋಗುವುದಿಲ್ಲ. ಉಪ್ಪು ಕಡಿಮೆ ಮಾಡಬೇಕಾದ್ದು ನೆಫ್ರೋಟಿಕ್ ಮಗು ಬಾತುಕೊಂಡಾಗ. ತಮಾಷೆಯೆಂದರೆ ಆ ಮಗುವಿನ ತಟ್ಟೆಯಲ್ಲಿ ಉಪ್ಪಿನಕಾಯಿ, ಹಪ್ಪಳ ಎರಡೂ ಇರುತ್ತವೆ.

ನಾಟಿ ಮದ್ದಿನ ವಿಷಯ ಇನ್ನೂ ಗಂಭೀರ. ಪಾದರಸ ಸೇರಿದ ಔಷಧಿಗಳು ತಾವಾಗಿಯೇ ಕಿಡ್ನಿಯ ಸೋಸುಗದ ಪೊರೆಯನ್ನು ಕೆಡಿಸಿ ಪ್ರೋಟೀನ್ ಸೋರಿಸಬಲ್ಲವು. ಒಳಗೇನಿದೆ ಎಂದು ಹೇಳದ ಪೊಟ್ಟಣವನ್ನು ಮಗುವಿಗೆ ಕೊಡಬೇಡಿ. ಕಾಮಾಲೆಯಿಂದ ಕೆಡದ ಕಿಡ್ನಿ ಮದ್ದಿನಿಂದ ಕೆಟ್ಟೀತು.

ಕಾಮಾಲೆಯ ಜೊತೆ ಕಿಡ್ನಿಗೆ ಪೆಟ್ಟು ಬೀಳುವ ಸಂದರ್ಭಗಳು ಇಲ್ಲವೆಂದಲ್ಲ, ಅಪರೂಪ. ವಾಂತಿಯಿಂದ ನೀರಿನಂಶ ಹೋದಾಗ, ಲಿವರ್ ಪೂರ್ತಿ ಸೋತಾಗ, ಅಥವಾ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಕೊರತೆಯಿರುವ ಮಗುವಿಗೆ ಹೆಪಟೈಟಿಸ್ ಬಂದು ರಕ್ತಕಣಗಳು ಒಮ್ಮೆಲೇ ಒಡೆದಾಗ. ಕೊನೆಯದರಲ್ಲಿ ಮೂತ್ರ ಹಳದಿಯಲ್ಲ, ಕೋಲಾದಂತೆ ಕಪ್ಪುಗೆಂಪು. ಮಂಪರು, ಅಸಂಬದ್ಧ ಮಾತು, ನಿಲ್ಲದ ವಾಂತಿ, ರಕ್ತಸ್ರಾವ, ಎಂಟು ಗಂಟೆಯಾದರೂ ಮೂತ್ರವಿಲ್ಲ: ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೊರಡಿ.

ಹಾಗಾದರೆ ಹೆಪಟೈಟಿಸ್‌ಗೂ ಮಕ್ಕಳ ಕಿಡ್ನಿಗೂ ನಂಟೇ ಇಲ್ಲವೇ? ಇದೆ, ನೀವು ಹುಡುಕುತ್ತಿರುವ ಜಾಗದಲ್ಲಿ ಅಲ್ಲ. ಕುಡಿಯುವ ನೀರಿನಿಂದ ಬರುವ ಎ ಮತ್ತು ಇ ಅಲ್ಲ, ರಕ್ತದಿಂದ ಮತ್ತು ಹೆರಿಗೆಯಲ್ಲಿ ತಾಯಿಯಿಂದ ದಾಟುವ ಬಿ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಕಾಮಾಲೆ ಆಗಿಯೇ ಇರುವುದಿಲ್ಲ. ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ರಕ್ತದಲ್ಲಿರುತ್ತದೆ. ಅದು ಉದುರಿಸುವ ‘ಇ ಆಂಟಿಜೆನ್’ (ಹೆಪಟೈಟಿಸ್ ಇ ಅಲ್ಲ, ಬಿ ವೈರಸ್ಸಿನದೇ) ಎಂಬ ಸಣ್ಣ ಪ್ರೋಟೀನ್ ಸೋಸುಗದ ಪೊರೆ ದಾಟಿ ಹೊರಮೈಯಲ್ಲಿ ಕೂರುತ್ತದೆ, ದೇಹದ ಆಂಟಿಬಾಡಿ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ, ಪೊರೆ ದಪ್ಪವಾಗಿ ಪ್ರೋಟೀನ್ ಸೋರತೊಡಗುತ್ತದೆ. ಇದು ಮೆಂಬ್ರೇನಸ್ ನೆಫ್ರೋಪತಿ, ಗಂಡುಮಕ್ಕಳಲ್ಲಿ ಹೆಚ್ಚು. ಮೊದಲ ಗುರುತು ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ.

ಇಲ್ಲೊಂದು ಎಡವುವ ಜಾಗವಿದೆ. ಮಕ್ಕಳ ನೆಫ್ರೋಟಿಕ್ ಸಿಂಡ್ರೋಮ್‌ನಲ್ಲಿ ಬಹುಪಾಲು ಬೇರೆಯೇ ಬಗೆಯದು, ಹೆಪಟೈಟಿಸ್‌ಗೆ ಸಂಬಂಧವಿಲ್ಲದ್ದು. ಅದಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಚೆನ್ನಾಗಿ ನಾಟುತ್ತದೆ, ಹಾಗಾಗಿ ಊತ ಕಂಡೊಡನೆ ಅದನ್ನೇ ಶುರುಮಾಡುವುದು ರೂಢಿ. ಹೆಪಟೈಟಿಸ್ ಬಿ ಇರುವ ಮಗುವಿಗೆ ಅದೇ ಸ್ಟೀರಾಯ್ಡ್ ಕೊಟ್ಟರೆ ವೈರಸ್ ಬೆಳೆಯುತ್ತದೆ, ಮಾತ್ರೆ ನಿಲ್ಲಿಸಿದಾಗ ಲಿವರ್ ಭುಗಿಲೇಳಬಹುದು. ಆದ್ದರಿಂದ ಮೊದಲ ಮಾತ್ರೆಗೆ ಮುಂಚೆ ಹೆಪಟೈಟಿಸ್ ಬಿ ಪತ್ತೆಹಚ್ಚುವ ಎಚ್‌ಬಿಎಸ್‌ಎಜಿ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಸಂಕೋಚ ಬೇಡ. ಪಾಸಿಟಿವ್ ಬಂದರೆ ದಾರಿಯೇ ಬೇರೆ: ಸಾಮಾನ್ಯವಾಗಿ ಕಿಡ್ನಿಯ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ), ಊತಕ್ಕೆ ಚಿಕಿತ್ಸೆ, ಅಗತ್ಯವಿದ್ದರೆ ವೈರಸ್ ತಡೆಯುವ ಔಷಧಿ. ಮಕ್ಕಳ ಮಟ್ಟಿಗೆ ಸಮಾಧಾನದ ಸಂಗತಿ ಎಂದರೆ, ರಕ್ತದಿಂದ ಇ ಆಂಟಿಜೆನ್ ಮರೆಯಾದ ಮೇಲೆ ಸೋರಿಕೆಯೂ ಬಹುತೇಕ ನಿಲ್ಲುತ್ತದೆ. ತಿಂಗಳುಗಳು ಹಿಡಿಯಬಹುದು, ಕೆಲವೊಮ್ಮೆ ವರ್ಷಗಳು.

ಈ ಕಾಯಿಲೆಯನ್ನು ಲಸಿಕೆ ಓಡಿಸಿದ್ದಕ್ಕೆ ತೈವಾನ್ ಸಾಕ್ಷಿ. 1984ರಲ್ಲಿ ಅಲ್ಲಿ ನವಜಾತರಿಗೆ ಹೆಪಟೈಟಿಸ್ ಬಿ ಲಸಿಕೆ ಶುರುವಾಯಿತು. ಮುಂದೆ ಮಕ್ಕಳಲ್ಲಿ ಈ ಬಗೆಯ ಕಿಡ್ನಿ ಕಾಯಿಲೆ ತೀರಾ ವಿರಳವಾಯಿತು.

ಯಾರೂ ಕೇಳದ ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ‘ಬಿಸಿಜಿ (ಕ್ಷಯದ ಲಸಿಕೆ) ಹಾಕುವ ದಿನವೇ ಹೆಪಟೈಟಿಸ್ ಬಿ ಲಸಿಕೆಯನ್ನೂ ಹಾಕಿಸಿದರಾಗದೇ?’ ಆಗದು. ಹುಟ್ಟಿದ ಸಮಯದಲ್ಲಿ ವೈರಸ್ ತಗುಲಿದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿಯಲ್ಲಿ ಅದು ಉಳಿದುಬಿಡುತ್ತದೆ. ಲಸಿಕೆ ಓಟದಲ್ಲಿ ಗೆಲ್ಲಬೇಕಾದರೆ 24 ಗಂಟೆಯೊಳಗೆ ಬೀಳಬೇಕು. ಬಿಸಿಜಿ ಬಾಟಲಿ ತೆರೆದರೆ ನಾಲ್ಕು ಗಂಟೆಯಲ್ಲಿ ಚೆಲ್ಲಬೇಕು, ಅದಕ್ಕೇ ಮಕ್ಕಳನ್ನು ಒಟ್ಟುಗೂಡಿಸಿ ಒಂದು ದಿನ ಹಾಕುತ್ತಾರೆ. ಹೆಪಟೈಟಿಸ್ ಬಿ ಬಾಟಲಿಯನ್ನು ಸರಿಯಾಗಿ ತಂಪಿನಲ್ಲಿಟ್ಟರೆ ತೆರೆದ ಮೇಲೂ 28 ದಿನ ಬಳಸಬಹುದು. ಭಾನುವಾರ ರಾತ್ರಿ ಹುಟ್ಟಿದ ಒಂದೇ ಕೂಸಿಗಾದರೂ ತೆರೆಯಲು ಅಡ್ಡಿಯಿಲ್ಲ. ಡಿಸ್ಚಾರ್ಜ್‌ಗೆ ಮುನ್ನ ತಾಯಿ ಕಾರ್ಡಿನಲ್ಲಿ ಅದರ ದಿನಾಂಕ ಬರೆದಿದೆಯೇ ನೋಡಿ. ಉಳಿದ ಡೋಸುಗಳು 6, 10, 14ನೇ ವಾರದಲ್ಲಿ ಹಾಕುವ, ಐದು ರೋಗಗಳಿಗೆ ಒಂದೇ ಲಸಿಕೆಯಾದ ಪೆಂಟಾವೇಲೆಂಟ್‌ನಲ್ಲಿ ಬರುತ್ತವೆ.

ತಾಯಿ ಪಾಸಿಟಿವ್ ಆಗಿದ್ದರೆ ಲಸಿಕೆಯ ಜೊತೆ 12 ಗಂಟೆಯೊಳಗೆ ಇಮ್ಯುನೊಗ್ಲೊಬ್ಯುಲಿನ್ (ಸಿದ್ಧ ಆಂಟಿಬಾಡಿ) ಚುಚ್ಚುಮದ್ದೂ ಬೇಕು, ಇನ್ನೊಂದು ತೊಡೆಗೆ. ಇದನ್ನು ಹೆರಿಗೆಗೆ ಮೊದಲೇ ತರಿಸಿಡಿ, ನಡುರಾತ್ರಿ ಹುಡುಕಿದರೆ ಸಿಗುವುದು ಕಷ್ಟ. ಎದೆಹಾಲು ನಿಲ್ಲಿಸಬೇಕಿಲ್ಲ. ಮಗುವಿಗೆ 9 ತಿಂಗಳು ತುಂಬಿದ ಮೇಲೆ ಎಚ್‌ಬಿಎಸ್‌ಎಜಿ ಮತ್ತು ಆಂಟಿ-ಎಚ್‌ಬಿಎಸ್ (ವೈರಸ್ ವಿರುದ್ಧದ ಆಂಟಿಬಾಡಿ) ಎರಡನ್ನೂ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು ಮಾಡಿಸಿದರೆ, ಆ ಚುಚ್ಚುಮದ್ದಿನಿಂದ ಬಂದ ಆಂಟಿಬಾಡಿಯನ್ನೇ ಮಗುವಿನದೆಂದು ಎಣಿಸುವ ಅಪಾಯವಿದೆ.